ಡೋಲಿನ ದೂರು

ಮನೆಯಲ್ಲಿ ರೆಕಾರ್ಡ್ ಮಾಡಿದ ತನ್ನ ದನಿಯನ್ನು ಕೇಳಿದಾಗಲೆಲ್ಲ ಡೋಲು ಸಿಡಿಮಿಡಿಗೊಳ್ಳುತ್ತಿತ್ತು. ಒಮ್ಮೆ ಕುಕ್ಕರ್ ಕೂಗಿ ಕೆಡಿಸಿತು ಎಂದರೆ, ಇನ್ನೊಮ್ಮೆ ಗೋಡೆ ಗುಂಯ್‌ಗುಟ್ಟಿ ಹಾಳುಮಾಡಿತು ಎನ್ನುತ್ತಿತ್ತು. ಅದರ ಕಾಟ ತಾಳಲಾರದೆ ಒಡೆಯ ಭರಮಪ್ಪ ಅದನ್ನು ಪೇಟೆಯ ಸ್ಟುಡಿಯೋಗೆ ಹೊತ್ತೊಯ್ದ. ಸೊಳ್ಳೆ ಉಸಿರಾಡಿದರೂ ಕೇಳಿಸುವಷ್ಟು ನಿಶ್ಶಬ್ದವಾದ ಕೋಣೆ ಅದು. ಡೋಲು ಎದೆಯುಬ್ಬಿಸಿ ಬಾರಿಸಿಕೊಂಡಿತು. ಆದರೆ ಕೇಳಿಬಂದದ್ದು ಬರೀ ಡಬ್ ಡಬ್ ಸದ್ದು.

"ಮೈಕಣ್ಣಾ, ನಿಮ್ಮ ಕಿವಿ ಕೆಟ್ಟಿದೆಯೇ?" ಎಂದು ಡೋಲು ಗದರಿತು.

"ಇಲ್ಲ, ಡೋಲಪ್ಪನವರೇ. ಇಲ್ಲಿರುವುದು ನಿಮ್ಮ ದನಿಯೊಂದೇ. ನಿಮ್ಮ ಚರ್ಮ ಸಡಿಲವಾಗಿದೆ," ಎಂದಿತು ಮೈಕು.

ಡೋಲು ಸುತ್ತಲೂ ನೋಡಿತು. ದೂರುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ನಾಚಿಕೊಂಡು ಭರಮಪ್ಪನಿಗೆ, "ಹಗ್ಗ ಒಂದಿಷ್ಟು ಬಿಗಿ ಮಾಡಪ್ಪಾ," ಎಂದಿತು. ಆಮೇಲೆ ಮೈಕಿನತ್ತ ತಿರುಗಿ, "ಅಲ್ಲಿಯವರೆಗೆ ತಾವು ದಯವಿಟ್ಟು ಕಿವಿ ಮುಚ್ಚಿಕೊಳ್ಳಿ," ಎಂದು ಬೇಡಿಕೊಂಡಿತು.