ಕೂಸು ಕೇಳಿದ ಪ್ರಶ್ನೆ

ಹುಣಸೀಹಾಳಕ್ಕೆ ಪ್ಲೇಗು ಬಂದ ವರ್ಷ, ಇಲಿ ಸತ್ತು ಬೀಳತೊಡಗಿದ ಕೂಡಲೇ ಜನರೆಲ್ಲ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಊರವರು ಅಜ್ಜನವರೆಂದು ಕರೆಯುವ ಪೂಜ್ಯ ಗುರುಶಾಂತ ಶಿವಯೋಗಿಗಳೂ ಮಠ ಬಿಟ್ಟು ಅದೇ ಬಯಲಿಗೆ ಬಂದು ಜೋಳದ ದಂಟಿನ ಗುಡಿಸಲೊಂದರಲ್ಲಿ ನೆಲೆಸಿದರು. ರೋಗಿಗಳಿಗೆ ಗಂಜಿ ಕಾಯಿಸುವುದೇ ಆಗ ಅವರ ಪೂಜೆ.

ಒಂದು ಮುಂಜಾನೆ ಶಾಲೆಯ ಮಾಸ್ತರ ರಾಚಪ್ಪ ತನ್ನ ಏಳು ವರ್ಷದ ಮಗಳು ಸಂಗವ್ವಳನ್ನು ಕರೆದುಕೊಂಡು ಬಂದ. ಸ್ವಾಮಿಗಳೆಂದರೆ ಅವನಿಗೆ ಅಷ್ಟಕ್ಕಷ್ಟೆ. ಕೂಸನ್ನು ಅವರಲ್ಲಿಗೆ ಒಯ್ಯೆಂಬ ತನ್ನ ಅಕ್ಕನ ಕಾಟ ತಾಳಲಾರದೆ ಬಂದಿದ್ದ. ಹೆಂಡತಿ ಪ್ಲೇಗಿನಿಂದ ತೀರಿಕೊಂಡು ಹನ್ನೆರಡು ದಿನವಾಗಿತ್ತು. "ಅವ್ವ ತವರಿಗೆ ಹೋಗ್ಯಾಳ" ಎಂದು ಮಗುವಿಗೆ ಹೇಳಿದ್ದ. ಅಂದಿನಿಂದ ಅದು ಮಾತು ಬಿಟ್ಟಿತ್ತು. ರೊಟ್ಟಿ ಕೊಟ್ಟರೆ ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿತ್ತು. ತಂದೆಯ ಧೋತರದ ಚುಂಗು ಮಾತ್ರ ಬಿಡುತ್ತಿರಲಿಲ್ಲ.

"ಕೂಸು ಅಂಜೇತ್ರಿ ಅಜ್ಜಾರ. ತಾಯತ ಇದ್ರ ಕಟ್ರಿ," ಎಂದ ಅರೆಮನಸ್ಸಿನಿಂದ.

ಶಿವಯೋಗಿಗಳು ಸೌಟು ಕೆಳಗಿಟ್ಟರು. "ಮಾಸ್ತರ, ನೀವು ಅತ್ತೀರೇನು?"

"ಕೂಸಿನ ಮುಂದ ಹ್ಯಾಂಗ ಅಳೂದ್ರಿ? ಬಣವಿ ಹಿಂದ ಹೋಗಿ ಅಳತೀನಿ."

"ಅದನ್ನ ಆಕಿ ನೋಡ್ಯಾಳ. ತಾಯತ ಬ್ಯಾಡ. ಖರೇ ಹೇಳ್ರಿ, ಕೂಡಿ ಅಳ್ರಿ."

ರಾಚಪ್ಪನಿಗೆ ಸಿಟ್ಟು ಬಂತು. ಇಷ್ಟು ಸಣ್ಣ ಕೂಸಿಗೆ ಸಾವಿನ ಮಾತು ಹೇಳುವುದೆ? ಆದರೆ ಮಗಳು ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಅವಳ ಪಕ್ಕ ನೆಲದ ಮೇಲೆ ಕೂತ.

"ಸಂಗೂ, ಅವ್ವ ತವರಿಗೆ ಹೋಗಿಲ್ಲವ್ವ. ತೀರಿಕೊಂಡ್ಲು."

ಮಗು ಅಳಲಿಲ್ಲ. ಮೊದಲ ಸಲ ಅದರ ಬಾಯಿಂದ ಮಾತು ಹೊರಟಿತು: "ಅಟ್ಟದಾಗ ಇಲಿ ಸತ್ತು ಬಿದ್ದಿತ್ತು. ನಾ ನೋಡಿ ಯಾರಿಗೂ ಹೇಳಲಿಲ್ಲ. ಅದಕ್ಕ ಅವ್ವ ಸತ್ಲೇನಪ್ಪಾ?"

ಹನ್ನೆರಡು ದಿನ ಈ ಭಾರವನ್ನು ಇದೊಂದೇ ಹೊತ್ತಿತ್ತೆ! ಶಿವಯೋಗಿಗಳು ಬಂದು ಮಗುವಿನ ಎದುರು ಕುಕ್ಕರಗಾಲಲ್ಲಿ ಕುಳಿತರು.

"ಇಲ್ಲ ನಮ್ಮವ್ವ. ಅದು ರೋಗ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ."

ಆಗ ಕಟ್ಟೆ ಒಡೆಯಿತು. ತಂದೆ ಮಗಳು ತೆಕ್ಕೆಬಿದ್ದು ಅತ್ತರು. ಸಮಾಧಾನಕ್ಕೆಂದು ಓಡಿಬಂದವರನ್ನು ಶಿವಯೋಗಿಗಳು ಕೈಸನ್ನೆಯಿಂದಲೇ ತಡೆದರು. ಅಳು ಇಳಿದ ಮೇಲೆ ತಾವೇ ಎರಡು ಬಟ್ಟಲು ಗಂಜಿ ತಂದಿಟ್ಟರು. ಒಂದು ಗುಟುಕು ಕುಡಿದು ಸಂಗವ್ವ, "ಉಪ್ಪು ಕಡಿಮಿ ಆಗೇತಿ" ಎಂದಳು. ಅಜ್ಜನವರು ನಗುತ್ತ ಉಪ್ಪು ತರಲು ಎದ್ದರು. ರಾಚಪ್ಪ ಅವರ ಪಾದ ಹಿಡಿದುಕೊಂಡ.

ಜನ ಊರಿಗೆ ಮರಳುವ ತನಕ ಮಾಸ್ತರನು ದಿನಾ ಗುಡಿಸಲುಗಳ ಮಕ್ಕಳನ್ನು ಬೇವಿನ ನೆರಳಿಗೆ ಕರೆದು ಕೂರಿಸುತ್ತಿದ್ದ. ಸ್ವಲ್ಪ ಪಾಠ, ಸ್ವಲ್ಪ ಆಟ. ಉಳಿದ ಹೊತ್ತೆಲ್ಲ ಅವರ ಭಯದ ಪ್ರಶ್ನೆಗಳಿಗೆ ಮೀಸಲು. ತಿಳಿದದ್ದನ್ನು ಹೇಳುವನು, ತಿಳಿಯದಿದ್ದರೆ "ಗೊತ್ತಿಲ್ಲಪ್ಪ" ಎನ್ನುವನು.

ಅಜ್ಜನವರು ಯಾವ ಮಂತ್ರ ಹಾಕಿದರೆಂದು ಯಾರಾದರೂ ಕೇಳಿದರೆ ಅವನದು ಒಂದೇ ಉತ್ತರ: "ಮಂತ್ರ ಹಾಕಲಿಲ್ರಿ. ನನ್ನ ಬಾಯಿ ಬಿಡಿಸಿದ್ರು. ಕೂಸಿಂದು ತಾನ ಬಿಟ್ಟಿತು."