ನಕ್ಷೆಯಲ್ಲಿಲ್ಲದ ಕೊಳವೆ

ಪೇಟೆಯ ನಡುಮಧ್ಯೆ ನಲವತ್ತು ಅಂತಸ್ತಿನ ಕಟ್ಟಡವೊಂದು ಎದ್ದಿತು. ಅದರ ಬುಡದಲ್ಲಿದ್ದ ಹಳೆಯ ಒಳಚರಂಡಿ ಕೊಳವೆ ಹೇಳಿತು: "ಅಯ್ಯಾ, ನನ್ನನ್ನು ಹೂಳಿದ್ದು ಹತ್ತು ಹೆಂಚಿನ ಮನೆಗಳಿಗೆಂದು. ನಿನ್ನ ನಾನೂರು ಮನೆಗಳ ನೀರು ನನ್ನಲ್ಲಿ ಹಿಡಿಸುವುದಿಲ್ಲ. ಮೊದಲು ದೊಡ್ಡ ಕೊಳವೆ ಹಾಕಿಸು."

ಕಟ್ಟಡ ನಕ್ಕಿತು. "ನನ್ನ ನಕ್ಷೆಯಲ್ಲಿ ಈಜುಕೊಳವಿದೆ, ತಾರಸಿ ತೋಟವಿದೆ. ನೀನೆಲ್ಲಿದ್ದೀಯ? ತೆಪ್ಪಗೆ ಬಿದ್ದಿರು."

ಆ ತಿಂಗಳಲ್ಲಿ ಒಳ್ಳೆಯ ಮುಹೂರ್ತ ಇರುವುದು ಒಂದೇ ದಿನ ಎಂದು ನಾನೂರು ಮನೆಯವರೂ ಒಂದೇ ಬೆಳಗ್ಗೆ ಮನೆ ತೊಳೆದರು, ನೆಂಟರ ಸಮೇತ ಮಿಂದರು, ಹಾಲುಕ್ಕಿಸಿದರು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಕೆಳಗಿನ ಅಮೃತಶಿಲೆಯ ಹಜಾರದಲ್ಲಿ ಕೊಳಚೆ ಮೊಣಕಾಲುದ್ದ ನಿಂತಿತ್ತು.

"ಏಯ್, ಇದೇನು ಮಾಡಿದೆ?" ಎಂದು ಕಟ್ಟಡ ಅರಚಿತು.

"ಗೃಹಪ್ರವೇಶಕ್ಕೆ ನಾನೂ ಬಂದೆ," ಎಂದಿತು ಕೊಳವೆ. "ನಕ್ಷೆಯಲ್ಲಿ ನೀನು ಜಾಗ ಕೊಡಲಿಲ್ಲವಲ್ಲ, ಹಜಾರದಲ್ಲಿ ನಾನೇ ಮಾಡಿಕೊಂಡೆ."