ಬಾವಿಕಟ್ಟಿಯವರ ಮೂರು ಕೊಂಕು

ಬನ್ನಿ, ಸ್ವಲ್ಪ ಸರಿದು ಕೂತ್ಕೊಳ್ಳಿ, ಹಿಂದಿನವರಿಗೂ ಜಾಗ ಬಿಡಿ. ಕನಕವಾಡಿ ಅಂತ ಒಂದು ರಾಜ್ಯ ಇತ್ತಂತೆ. ಅಲ್ಲಿಯ ದೊರೆಗೆ ಹೊಸ ವಸ್ತು ಕಂಡರೆ ಬಲು ಪ್ರೀತಿ. ಯಾರಾದರೂ ಲೋಕದಲ್ಲಿ ಇಲ್ಲದ್ದನ್ನು ಮಾಡಿ ತಂದರೆ, ಅದರ ಚಿತ್ರವನ್ನೂ ಮಾಡಿದವರ ಹೆಸರನ್ನೂ ತಾಮ್ರದ ಹಲಗೆಯಲ್ಲಿ ಕೆತ್ತಿಸಿ ಅರಮನೆಯ ಗೋಡೆಗೆ ತೂಗುಹಾಕಿಸುತ್ತಿದ್ದ. ಹನ್ನೆರಡು ವರ್ಷ ಅವರ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ. ಮಾಡಿದರೆ ಆಳುಗಳು ಬಂದು ಒಡೆದು ಹಾಕುತ್ತಿದ್ದರು.

ಆ ರಾಜ್ಯದಲ್ಲಿ ಬಾವಿಯ ಪಕ್ಕ ಮನೆ ಇದ್ದವರಿಗೆಲ್ಲ ಬಾವಿಕಟ್ಟಿ ಅಂತಲೇ ಅಡ್ಡಹೆಸರು. ಊರೂರಿಗೂ ಬಾವಿ, ಊರೂರಿಗೂ ಬಾವಿಕಟ್ಟಿ. ಅವರಲ್ಲಿ ಮೂವರು ಹೊಸದನ್ನು ಮಾಡಿದರು. ಮೂವರೂ ನೆಂಟರಲ್ಲ, ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ.

ನೇಕಾರಳು ನೀಲವ್ವ ಬಾವಿಕಟ್ಟಿ ಒಂದು ಮಗ್ಗ ಮಾಡಿದಳು. ಎಲ್ಲರ ಮಗ್ಗಕ್ಕೆ ತುಳಿಯಲು ಎರಡು ಕಾಲುಮಣೆ, ಇವಳದಕ್ಕೆ ಒಂದೇ. ಕಾಲ್ಬೆರಳಲ್ಲಿ ಒತ್ತಿದರೆ ಒಂದು ಸಾಲು ಎಳೆ ಏಳುತ್ತಿತ್ತು, ಹಿಮ್ಮಡಿಯಲ್ಲಿ ಒತ್ತಿದರೆ ಇನ್ನೊಂದು. ಕುಂಬಾರ ಕಲ್ಲಪ್ಪ ಬಾವಿಕಟ್ಟಿ ನೀರು ಕುಡಿಯುವ ಗಿಂಡಿ ಮಾಡಿದ, ಅದರ ಕುತ್ತಿಗೆ ಸೊಟ್ಟ. ಬಡಗಿ ಮೌನೇಶ ಬಾವಿಕಟ್ಟಿ ಬಿತ್ತುವ ಕೂರಿಗೆ ಮಾಡಿದ. ಬೀಜ ಇಳಿಯುವಾಗಲೆಲ್ಲ ಅದರ ಕೊಳವೆಯಲ್ಲಿ ಗೆಜ್ಜೆ ಝಣಝಣ ಅನ್ನುತ್ತಿತ್ತು.

ಆದರೆ ಹೆಸರು ಕೆತ್ತುವ ಅರಮನೆಯ ಲಿಪಿಕಾರ ಮಹಾ ಸೋಮಾರಿ. ಪೂರ್ತಿ ಹೆಸರು ಯಾರು ಕೆತ್ತುತ್ತಾರೆ ಅಂತ ಮೂರು ಹಲಗೆಗೂ ಬರೀ "ಬಾವಿಕಟ್ಟಿ" ಅಂತ ಕೆತ್ತಿ ಕೈ ತೊಳೆದುಕೊಂಡ. ಪುಣ್ಯಾತ್ಮ!

ಒಂದು ದಿನ ದೊರೆ ಗೋಡೆ ನೋಡುತ್ತ ನಿಂತ. "ಮಗ್ಗ, ಗಿಂಡಿ, ಕೂರಿಗಿ! ಮೂರನ್ನೂ ಒಬ್ಬಾವನ ಮಾಡ್ಯಾನ? ಎಂಥಾ ತಲಿ ಇರಬೇಕು! ಕರೀರಿ ಆ ಬಾವಿಕಟ್ಟಿನ್ನ" ಅಂದ.

ಈ ಸುದ್ದಿ ಗದಿಗೆಪ್ಪನ ಕಿವಿಗೆ ಬಿತ್ತು. ಅವನ ಅಡ್ಡಹೆಸರೂ ಬಾವಿಕಟ್ಟಿ. ಜನ್ಮದಲ್ಲಿ ಒಂದು ಮೊಳೆ ಹೊಡೆದವನಲ್ಲ. ಜರಿ ರುಮಾಲು ಸುತ್ತಿಕೊಂಡು ಅರಮನೆಗೆ ಬಂದ.

"ಆ ಬಾವಿಕಟ್ಟಿ ನಾನ ರೀ ದೊರಿ. ನನ್ನ ತಲಿಯಾಗ ಹುಟ್ಟಿದ್ದನ್ನ ಕದ್ದು ಮೂರು ಮಂದಿ ಮಾಡಾಕತ್ತಾರ. ಅವನ್ನೆಲ್ಲ ಒಡೆಸ್ರಿ. ಬೇಕಾದವರು ನನ್ನ ಬಾಗಿಲಿಗೆ ಬಂದು ಕೈ ಮುಗೀಲಿ."

ದೊರೆ ನಂಬಿದ. ಆ ಮೂವರನ್ನೂ ಕರೆಸಿದರು. ಮಾಡಿದವರು ನಾವೇ ಅಂದರೂ, ಹಲಗೆಯಲ್ಲಿ ಇರುವುದು ಒಂದೇ ಹೆಸರು ಅಂತ ದೊರೆ ಒಪ್ಪಲಿಲ್ಲ. ನೀಲವ್ವ ಅಂಗಲಾಚಿದಳು: "ಮಗ್ಗ ಒಡೀಬ್ಯಾಡ್ರಿ. ಅದನ್ನ ನಂಬಿ ಒಬ್ಬಾಕಿ ಬಾಳೇವು ಮಾಡತಾಳ್ರಿ." ಕಲ್ಲಪ್ಪ ಬೇಡಿದ, ಮೌನೇಶ ಬೇಡಿದ. ಗದಿಗೆಪ್ಪ ಮೀಸೆ ತಿರುವುತ್ತ ಎತ್ತಲೋ ನೋಡುತ್ತಿದ್ದ. ಕೇಳಿಸಿಕೊಂಡಿದ್ದರೆ ಬಚಾವಾಗುತ್ತಿದ್ದನೋ ಏನೋ!

ಅರಮನೆಗೆ ನೀರು ಹೊರುವ ದ್ಯಾಮವ್ವ ಅಲ್ಲೇ ಇದ್ದಳು. ಯಾವುದನ್ನು ಯಾರು ತಂದಿದ್ದರು ಅಂತ ಅವಳು ಕಣ್ಣಾರೆ ಕಂಡಿದ್ದಳು. ಆದರೆ ತಾಮ್ರದ ಬರಹದ ಮುಂದೆ ನೀರು ಹೊರುವವಳ ಮಾತು ಯಾರು ಕೇಳುತ್ತಾರೆ? ಅದಕ್ಕೇ ಸಾಕ್ಷಿ ಹೇಳಲಿಲ್ಲ, ಒಂದು ಸಣ್ಣ ಮಾತು ಹೇಳಿದಳು.

"ದೊರಿ, ಈ ಮೂರು ಸಾಮಾನಿನಾಗೂ ಒಂದೊಂದು ಕೊಂಕು ಐತಿ ನೋಡ್ರಿ. ಮಗ್ಗಕ್ಕ ಒಂದ ಕಾಲುಮಣಿ. ಗಿಂಡಿ ಕುತ್ತಿಗಿ ಸೊಟ್ಟ. ಕೂರಿಗಿದು ಗೆಜ್ಜಿ ಗದ್ದಲ. ಖರೇ ಮಾಡಿದವರಿಗೆ ತಿದ್ದಾಕೂ ಬರಬೇಕಲ್ರಿ? ಎಂಟು ದಿನ ಕೊಡ್ರಿ, ನಾಕೂ ಮಂದಿ ತಿದ್ದಿ ತರಲಿ."

"ಅಷ್ಟ ಏನು!" ಅಂದ ಗದಿಗೆಪ್ಪ.

ಎಂಟನೆಯ ದಿನ ಸಭೆ ತುಂಬಿತು. ಗದಿಗೆಪ್ಪ ಊರಿನ ಕುಶಲಿಗರನ್ನೆಲ್ಲ ಹಿಡಿದು ಕೆಲಸ ಮಾಡಿಸಿದ್ದ. ಮಗ್ಗಕ್ಕೆ ಎರಡು ಕಾಲುಮಣೆ, ಗಿಂಡಿಗೆ ನೆಟ್ಟನೆಯ ಕುತ್ತಿಗೆ, ಕೂರಿಗೆಗೆ ಗೆಜ್ಜೆ ಇಲ್ಲ. ಎಲ್ಲ ಫಳಫಳ! ಆ ಮೂವರು ಮಾತ್ರ ಹಳೆಯದನ್ನೇ ತಂದಿದ್ದರು.

"ಯಾಕ ತಿದ್ದಲಿಲ್ಲ?" ಅಂತ ದೊರೆ ಗುಡುಗಿದ.

"ತಿದ್ದಾಕ ಬರಂಗಿಲ್ರಿ" ಅಂದಳು ನೀಲವ್ವ. ತನ್ನ ನೆರೆಮನೆಯ ಹೊನ್ನವ್ವನನ್ನು ಕೈಹಿಡಿದು ಕರೆತಂದಳು. ಹೊನ್ನವ್ವನ ಒಂದು ಕಾಲು ಚಿಕ್ಕಂದಿನಲ್ಲೇ ಬತ್ತಿಹೋಗಿತ್ತು. ಗದಿಗೆಪ್ಪನ ಮಗ್ಗದಲ್ಲಿ ಕೂತಳು, ಎರಡನೆಯ ಮಣೆ ತುಳಿಯಲಾಗದೆ ಎದ್ದುಬಿಟ್ಟಳು. ನೀಲವ್ವನ ಮಗ್ಗದಲ್ಲಿ ಕೂತಳು, ಮಾತಾಡುವಷ್ಟರಲ್ಲಿ ನಾಲ್ಕು ಬೆರಳು ಬಟ್ಟೆ ನೇಯ್ದಳು.

ಕಲ್ಲಪ್ಪ ತನ್ನ ಅಪ್ಪನನ್ನು ಮಂಚದ ಸಮೇತ ಹೊರಿಸಿ ತಂದಿದ್ದ. ಮುದುಕನಿಗೆ ಎದ್ದು ಕೂರಲಾಗದು. ಗದಿಗೆಪ್ಪನ ಗಿಂಡಿಯ ನೀರು ಗಡ್ಡಕ್ಕೆಲ್ಲ ಚೆಲ್ಲಿತು. ಸೊಟ್ಟ ಕುತ್ತಿಗೆಯ ಗಿಂಡಿಯಿಂದ ಮಲಗಿದಲ್ಲೇ ಗಟಗಟ ಕುಡಿದು, "ಹಾ, ತಣ್ಣಗಾತಪ್ಪಾ" ಅಂದ.

ಮೌನೇಶನ ತಾಯಿ ಕಾಳವ್ವನಿಗೆ ಕಣ್ಣು ಕಾಣದು. ಅರಮನೆಯ ಹಿಂದಿನ ಹೊಲದಲ್ಲಿ ಎತ್ತು ಹೂಡಿದರು. ಗದಿಗೆಪ್ಪನ ಕೂರಿಗೆಗೆ ಬೀಜ ಹಾಕುತ್ತ ನಡೆದಳು. ಕೊಳವೆ ಕಟ್ಟಿಕೊಂಡಿತು, ಅವಳಿಗೆ ತಿಳಿಯಲೇ ಇಲ್ಲ, ಉದ್ದಕ್ಕೂ ಸಾಲು ಖಾಲಿ. ಮಗನ ಕೂರಿಗೆಯಲ್ಲಿ ಗೆಜ್ಜೆ ನಿಂತ ಕೂಡಲೇ ಅವಳೂ ನಿಂತಳು, ಕೊಳವೆ ತಟ್ಟಿದಳು, ಝಣಝಣ ಮತ್ತೆ ಶುರುವಾಯಿತು.

ದೊರೆ ಗದಿಗೆಪ್ಪನ ಕಡೆ ತಿರುಗಿದ. "ಇವನ್ನ ನೀ ಯಾರಿಗೆ ಅಂತ ಮಾಡಿದ್ದಿ?"

ಗದಿಗೆಪ್ಪ ರುಮಾಲು ಕಳಚಿ ಕಾಲಿಗೆ ಬಿದ್ದ.

ದೊರೆಯ ಕಣ್ಣು ತುಂಬಿತು. ಆ ಮೂವರಿಗೂ ಕೈ ಮುಗಿದ. "ನಿಮ್ಮಂಥವರು ನನ್ನ ರಾಜ್ಯದಾಗ ಇರೂದು ನನ್ನ ಭಾಗ್ಯ. ತಪ್ಪಾತು. ಹೊಸ ಹಲಗಿ ಮಾಡಸತೀನಿ, ಪೂರ್ತಿ ಹೆಸರು ಹಾಕಸತೀನಿ."

"ಹಂಗಾರ ಹೊನ್ನವ್ವನ ಹೆಸರೂ ಹಾಕಸ್ರಿ" ಅಂದಳು ನೀಲವ್ವ. "ಆಕಿ ಕಷ್ಟ ನನಗ ಕಲಿಸಿತು. ಆಕಿ ಋಣ ನನ್ನ ಮ್ಯಾಲೈತಿ." ಕಲ್ಲಪ್ಪ ಅಪ್ಪನ ಹೆಸರು ಕೇಳಿದ, ಮೌನೇಶ ಅವ್ವನ ಹೆಸರು ಕೇಳಿದ.

ದೊರೆ ಉಳಿಯನ್ನೂ ಸುತ್ತಿಗೆಯನ್ನೂ ಗದಿಗೆಪ್ಪನ ಕೈಗೆ ಕೊಡಿಸಿದ. "ಹನ್ನೆರಡು ವರ್ಷ ಮಂದಿ ಹೆಸರು ನೀನ ಕೆತ್ತು. ಒಂದಕ್ಷರ ಬಿಡಬ್ಯಾಡ." ಸೋಮಾರಿ ಲಿಪಿಕಾರನನ್ನು ತಾಮ್ರ ಉಜ್ಜಲು ಪಕ್ಕದಲ್ಲೇ ಕೂರಿಸಿದ.

ಎಲ್ಲರೂ ಹೊರಟಾಗ ದ್ಯಾಮವ್ವ ಕೊಡ ಎತ್ತಿ ಹೆಗಲಿಗಿಟ್ಟು ನೋವಿಗೆ "ಅವ್ವಾ" ಅಂದಳು. ಬಾವಿಕಟ್ಟಿಯವರು ಮೂವರೂ ತಿರುಗಿ ನೋಡಿದರು. ಅವಳ ಹೆಗಲು ಕೆಂಪಗೆ ಬಾತಿತ್ತು. ಮೂವರೂ ಅವಳ ಸುತ್ತ ಕೂತು, ದಿನಕ್ಕೆ ಎಷ್ಟು ಕೊಡ ಹೊರುತ್ತಾಳೆ ಅಂತ ಕೇಳಿದರು. ತಿಂಗಳು ತುಂಬುವುದರೊಳಗೆ ನೀಲವ್ವ ಹೆಗಲಿಗೆ ಹತ್ತಿಯ ಮೆತ್ತೆ ಹೊಲಿದಳು, ಮೌನೇಶ ಅದರ ಮೇಲೆ ಕೂರುವ, ಕೊಡ ತೂಗುವ ಬಾಗಿದ ಅಡ್ಡೆಕೋಲು ಮಾಡಿದ, ಕಲ್ಲಪ್ಪ ಎರಡು ತುದಿಗೂ ಹಗುರ ಕೊಡ ಮಾಡಿದ. ಅದಕ್ಕೂ ಅರಮನೆಯ ಗೋಡೆಯಲ್ಲಿ ಒಂದು ತಾಮ್ರದ ಹಲಗೆ ಆಯಿತು, ಅದರಲ್ಲಿ ನಾಲ್ಕು ಹೆಸರು. ಮೊದಲನೆಯದು ದ್ಯಾಮವ್ವನದು. ಅದನ್ನೂ ಗದಿಗೆಪ್ಪನೇ ಕೆತ್ತಿದ.

ನೋಡಿದಿರಾ ಮಕ್ಕಳೇ? ಇನ್ನೊಬ್ಬರ ದುಡಿಮೆಗೆ ನಿಮ್ಮ ಹೆಸರು ಹಚ್ಚಿಕೊಳ್ಳಬೇಡಿ. ಏನಾದರೂ ಒಳ್ಳೆಯದನ್ನು ಮಾಡಿದರೆ, ಅದನ್ನು ಕಲಿಸಿದವರನ್ನು ಮರೆಯಬೇಡಿ. ಕಥೆ ಇಷ್ಟೇ. ಏಳಿ, ಬಾಯಾರಿದವರು ನೀರು ಕುಡಿಯಿರಿ, ಗಿಂಡಿ ಮಾಡಿದ ಕೈಯನ್ನು ಒಮ್ಮೆ ನೆನೆಯಿರಿ.